ಐದನೆಯದು ದೈವ

ಪುಟ್ಟಿ,

ಆ ಕೆಲಸ ಸಿಗಲಿಲ್ಲ ಅನ್ನುವುದು ನೀನು 'ಹಲೋ' ಅಂದ ದನಿಯಲ್ಲೇ ಗೊತ್ತಾಯಿತು. ಅದನ್ನು ಮತ್ತೆ ಕೆದಕುವುದಿಲ್ಲ. ನನ್ನನ್ನು ಕೊರೆಯುತ್ತಿರುವುದು ಫೋನ್ ಇಡುವ ಮುಂಚೆ ನೀನು ಆಡಿದ ಮಾತು: "ಇನ್ನು ದೇವರನ್ನ ಏನೂ ಕೇಳಲ್ಲ ಬಿಡಮ್ಮ."

ಸಿಟ್ಟಿನಲ್ಲಿ ಅಂದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ದೇವರ ಮೇಲೆ ಸಿಟ್ಟಾದವರಿಗೆ ಅವನ ಜೊತೆ ಜಗಳವಾದರೂ ಇರುತ್ತದೆ. ನೀನು ಅಂದದ್ದು ತಣ್ಣಗೆ, ಬ್ಯಾಂಕಿನ ಖಾತೆ ಮುಚ್ಚಿಸಿ ಬಂದವರ ಹಾಗೆ. ಆ ತಣ್ಣನೆಯ ದನಿಗೇ ನನಗೆ ಭಯ. ಕೆಲಸ ಇನ್ನೊಂದು ಸಿಗುತ್ತದೆ, ಅದರ ಚಿಂತೆ ನನಗಿಲ್ಲ. ಕೇಳುವುದನ್ನೇ ಬಿಟ್ಟವರು ನಿಧಾನಕ್ಕೆ ಬಯಸುವುದನ್ನೂ ಬಿಡುತ್ತಾರೆ. ಅದು ಹೊರಗಿನವರಿಗೆ ವೈರಾಗ್ಯದ ಹಾಗೆ ಕಾಣುತ್ತದೆ, ಯಾರೂ ಎಚ್ಚರಿಸುವುದಿಲ್ಲ.

'ಕರ್ಮಣ್ಯೇವಾಧಿಕಾರಸ್ತೇ' ಅಂತ ನಾನು ಶುರು ಮಾಡುವುದಿಲ್ಲ. ಸೋತು ಕೂತವರ ಮುಂದೆ ಆ ಶ್ಲೋಕ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನೀನು ನೋಡಬೇಕಾದ್ದು ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ. ಯಾವ ಕೆಲಸ ಆಗಬೇಕಾದರೂ ಐದು ಕಾರಣ ಕೂಡಬೇಕು ಅನ್ನುತ್ತದೆ: ಅಧಿಷ್ಠಾನ (ದೇಹ), ಕರ್ತೃ (ಮಾಡುವವನು), ಕರಣ (ಇಂದ್ರಿಯಗಳು, ಸಾಧನಗಳು), ಬಗೆಬಗೆಯ ಪ್ರಯತ್ನ, ಐದನೆಯದು ದೈವ. ಎಲ್ಲ ಹಣೆಬರಹ ಅನ್ನುವವರು ಮೊದಲ ನಾಲ್ಕನ್ನು ಕೈಬಿಡುತ್ತಾರೆ. ಎಲ್ಲ ನನ್ನ ಕೈಯಲ್ಲೇ ಇದೆ ಅನ್ನುವವರು ಐದನೆಯದನ್ನು ಮರೆಯುತ್ತಾರೆ. ನಿನ್ನದು ಎರಡನೇ ಬಗೆ. ಅದಕ್ಕೇ ಫಲ ತಪ್ಪಿದಾಗ ತಪ್ಪೆಲ್ಲ ನಿನ್ನದೇ ಅನ್ನಿಸಿತು. ಆ ಭಾರ ತಡೆಯಲಾರದೆ ಪೂರ್ತಿ ದೇವರ ತಲೆಗೆ ಕಟ್ಟಿದೆ. ಎರಡೂ ಲೆಕ್ಕ ಸರಿಯಿಲ್ಲ.

ಈಗ ಒಂದು ಹಾಳೆ ತೆಗೆದುಕೋ. ಮೇಲೆ 'ನನಗೆ ಆ ಕೆಲಸ ಬೇಕಿತ್ತು' ಅಂತ ಬರೆ. ಕೆಳಗೆ, ಏಕೆ? ಬಂದ ಉತ್ತರಕ್ಕೂ, ಏಕೆ? ಮೂರ್ನಾಲ್ಕು ಸಲ ಹೀಗೆ ಇಳಿದರೆ 'ಕಲಿತದ್ದು ಬಳಕೆಗೆ ಬರಬೇಕು' ಅಂತಲೋ 'ಯಾರ ಹಂಗಿನಲ್ಲೂ ಇರಬಾರದು' ಅಂತಲೋ ಒಂದು ಸಾಲು ಸಿಗುತ್ತದೆ. ನಿಜವಾದ ಆಸೆ ಅದು. ಮೇಲಿನ ಸಾಲು ಅದಕ್ಕಿದ್ದ ಒಂದು ದಾರಿ ಅಷ್ಟೇ. ಅದೇ ಆಸೆಗೆ ಇನ್ನೆರಡು ದಾರಿ ಬರೆದು, ಒಂದರಲ್ಲಿ ಈ ವಾರವೇ ಮುಗಿಸಬಹುದಾದ ಸಣ್ಣ ಕೆಲಸಕ್ಕೆ ಗುರುತು ಹಾಕು. ತಾರೀಖು ಬರೆದು ಹಾಳೆ ಎತ್ತಿಡು, ತಿಂಗಳಾದ ಮೇಲೆ ತೆಗೆ. ದಿನಾ ತೆಗೆದು ನೋಡಿದರೆ ದಿನಾ ಮನಸ್ಸು ಬದಲಾಗುತ್ತದೆ. ಇನ್ನೊಂದು: ನೋವು ಹಸಿಯಾಗಿರುವಾಗ ಸಿಕ್ಕಿದ್ದಕ್ಕೆಲ್ಲ ಒಪ್ಪಿಕೊಂಡುಬಿಡಬೇಡ. ಅದು ಹೊಂದಿಕೊಳ್ಳುವುದಲ್ಲ, ಗಾಬರಿ.

ಕೇಳುವ ವಿಷಯಕ್ಕೆ ಬರುತ್ತೇನೆ, ಬಿಡಲಾಗುತ್ತಿಲ್ಲ. 7ನೇ ಅಧ್ಯಾಯದಲ್ಲಿ ಕೃಷ್ಣ ತನ್ನನ್ನು ಭಜಿಸುವವರು ನಾಲ್ಕು ಬಗೆ ಅನ್ನುತ್ತಾನೆ. ಕಷ್ಟದಲ್ಲಿ ಕೂಗುವ ಆರ್ತ, ಇಂಥದ್ದು ಬೇಕು ಅನ್ನುವ ಅರ್ಥಾರ್ಥಿ, ಇಬ್ಬರೂ ಅದರಲ್ಲಿದ್ದಾರೆ. ಜ್ಞಾನಿ ಅವನಿಗೆ ಹೆಚ್ಚು ಹತ್ತಿರ, ನಿಜ. ಆದರೆ ನಾಲ್ವರೂ ಉದಾರರೇ, ಅಂದರೆ ಶ್ರೇಷ್ಠರೇ, ಅಂತ ಅವನೇ ಹೇಳುತ್ತಾನೆ. ಕೇಳುವುದರಲ್ಲಿ ಸಣ್ಣತನವಿಲ್ಲ ಮಗಳೇ. ಕೆಡುವುದು ಗಡುವು ಸೇರಿಸಿದಾಗ: ಇಂಥದ್ದೇ ಆಗಬೇಕು, ಇಷ್ಟರೊಳಗೆ ಆಗಬೇಕು. ಆಮೇಲೆ ಕಂಡಕಂಡದ್ದರಲ್ಲೆಲ್ಲ ಶಕುನ ಹುಡುಕುವುದು ಶುರು. ಬೇಕಾದದ್ದನ್ನು ಹೆಸರಿಟ್ಟು ಒಂದೇ ವಾಕ್ಯದಲ್ಲಿ ಕೇಳು. 'ಬೇರೆ ರೂಪದಲ್ಲಿ ಬಂದರೆ ಗುರುತಿಸುವ ಬುದ್ಧಿ ಕೊಡು' ಅಂತ ಸೇರಿಸು. ಐದು ನಿಮಿಷ ಸಾಕು. ಮನಸ್ಸಿಲ್ಲದ ದಿನ ಸುಮ್ಮನೆ ಕೂತು ಎದ್ದು ಬಾ. ಅರ್ಜುನನೂ 'ನಾನು ಯುದ್ಧ ಮಾಡಲ್ಲ' ಅಂತ ಹೇಳಿ ಬಾಯಿ ಮುಚ್ಚಿ ಕೂತವನೇ; ಕೃಷ್ಣ ಉಪದೇಶ ಶುರು ಮಾಡಿದ್ದು ಅದಾದ ಮೇಲೆ.

ಪಾಠ ಜಾಸ್ತಿಯಾಯಿತು, ಬೇಜಾರು ಮಾಡಿಕೋಬೇಡ. ಕೊನೆಯ ಸುತ್ತಿನವರೆಗೆ ಒಬ್ಬಳೇ ನಿಭಾಯಿಸಿದೆಯಲ್ಲ, ಅದನ್ನು ಹೊಗಳಿದರೆ ಮುಖ ಸಿಂಡರಿಸುತ್ತೀಯ ಅಂತ ಸುಮ್ಮನಿದ್ದೇನೆ.

ಅಷ್ಟೆಲ್ಲ ಉಪದೇಶ ಮಾಡಿದ ಮೇಲೆ ಕೃಷ್ಣ 'ಪೂರ್ತಿ ಯೋಚಿಸಿ, ನಿನ್ನ ಇಷ್ಟದಂತೆ ಮಾಡು' ಅಂದುಬಿಟ್ಟ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಭಾನುವಾರ ಫೋನ್ ಮಾಡಿದಾಗ ದೇವರ ಮಾತು ಎತ್ತುವುದಿಲ್ಲ, ಆದರೆ ಹಾಳೆ ಬರೆದಾಯಿತಾ ಅಂತ ಕೇಳಿಯೇ ಕೇಳುತ್ತೇನೆ.

ಅಮ್ಮ