ನೇತ್ರಾಣಿ ಡೈವ್: ಕೀಟಲೆಗೊಂದು ಲಕ್ಷ್ಮಣರೇಖೆ

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆಂದು ಮಡಿಕೇರಿಯಿಂದ ಹೊರಟಿರುವ ಎಲ್ಲರ ಗಮನಕ್ಕೆ. ನೀರೊಳಗೆ ಕೀಟಲೆ ಬೇಡ ಅಂದರೆ ಯಾರೂ ಕೇಳುವವರಲ್ಲ, ಹಾಗಾಗಿ ಇಷ್ಟಾದರೂ ನೆನಪಿರಲಿ.

ಜೊತೆಗಾರರ ಮಾಸ್ಕ್, ರೆಗ್ಯುಲೇಟರ್ (ಬಾಯಲ್ಲಿಟ್ಟು ಉಸಿರಾಡುವ ಸಾಧನ), ಸಿಲಿಂಡರ್ ವಾಲ್ವ್, ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಗುಂಡಿ, ತೂಕದ ಬೆಲ್ಟ್ ಮುಟ್ಟಲೇಬೇಡಿ. ಮಾಸ್ಕ್‌ಗೆ ನೀರು ನುಗ್ಗಿದರೆ ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ; ಶ್ವಾಸಕೋಶವೇ ಹರಿಯಬಹುದು. ಕತ್ತು ಕೊಯ್ಯುವ ಸನ್ನೆ ಎಂದರೆ ‘ಗಾಳಿ ಇಲ್ಲ’, ಅದು ತಮಾಷೆಗೂ ಬೇಡ. ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಲ್ಲ ಮಾರಾಯ್ರೆ, ‘ಮೇಲೆ ಹೋಗೋಣ’. ಬಂಡೆ ಹಿಂದೆ ಅಡಗಬೇಡಿ: ಒಂದು ನಿಮಿಷ ಹುಡುಕಿ ಸಿಗದಿದ್ದರೆ ಜೊತೆಗಾರ ಮೇಲೆ ಹೋಗಲೇಬೇಕು, ಇಬ್ಬರ ಡೈವೂ ಅಲ್ಲಿಗೆ ಮುಗಿಯಿತು.

ಮಾಡುವುದಾದರೆ ಇದನ್ನು ಮಾಡಿ. ಕೊಡವರು ಸೊಂಟಕ್ಕೆ ಸುತ್ತುವ ಚೇಲೆಯಂಥ ಕೆಂಪು ಬಟ್ಟೆಯ ತುಂಡು ತನ್ನಿ (ಅಜ್ಜನ ರೇಷ್ಮೆ ಚೇಲೆ ಅಲ್ಲ, ಉಪ್ಪುನೀರಿಗೆ ಹಾಳಾದರೆ ಮನೆಗೆ ಸೇರಿಸಲಿಕ್ಕಿಲ್ಲ). 10 ಮೀಟರ್ ದಾಟಿದ ಮೇಲೆ ತೋರಿಸಿ, ಸ್ಲೇಟಿನಲ್ಲಿ ಬಣ್ಣ ಬರೆಸಿ. ನೀರು ಮೊದಲು ನುಂಗುವುದೇ ಕೆಂಪನ್ನು. ‘ಮಂಕು ಕಂದು’ ಎಂದು ಬರೆದ ಮೇಲೆ ಟಾರ್ಚ್ ಹಾಕಿ; ಕೆಂಪು ಮರಳಿ ಬಂದಾಗ ಅವರ ಮುಖ ನೋಡಿ.

ಇನ್ನೊಂದು: ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಡೈವ್‌ನಲ್ಲಿ ಮೈಯೊಳಗೆ ಕರಗಿದ ಸಾರಜನಕ ಗುಳ್ಳೆಗಟ್ಟಬಹುದು; ಹಾಗಾಗಿ ಎರಡು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಘಟ್ಟ ಹತ್ತುವಂತಿಲ್ಲ. ಆ ರಾತ್ರಿ ಮುರ್ಡೇಶ್ವರದಲ್ಲೇ ತಂಗುವುದು.