ಕಿವಿ ಮಂದವಾದ ನೌಕೆಯೊಡನೆ ಮಾತು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಮಳೆ ಹಿಡಿದುಕೊಂಡಿದೆ; ಅಡಿಕೆಗೆ ಎರಡನೆಯ ಸಲ ಔಷಧಿ ಹೊಡೆಯಲು ಒಂದು ದಿನದ ಬಿಸಿಲೂ ಸಿಕ್ಕಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಜೊತೆಗೆ ಸೇರಿದವರಿಗೆಲ್ಲ ಹೊಸ ಕೆಲಸ ಸಿಕ್ಕಿತು, ನಿನಗೆ ಮಾತ್ರ ಯಾರೋ ಹದಿನೆಂಟು ವರ್ಷದ ಹಿಂದೆ ಬರೆದಿಟ್ಟು ಹೋದ ಪ್ರೋಗ್ರಾಮಿಗೆ ತೇಪೆ ಹಾಕುವ ಕೆಲಸ, ಬಿಟ್ಟುಬಿಡುತ್ತೇನೆ ಎಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತೆರಡು ವರ್ಷ ರೇಡಿಯೋ ರಿಪೇರಿ ಮಾಡಿ ಸಂಸಾರ ನಡೆಸಿದವನಿಗೆ ಆ ಮಾತು ಎದೆಗೆ ತಾಗಿತು ಎಂದಷ್ಟೇ ಗೊತ್ತಾಯಿತು. ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ನಾಸಾದ ವಾಯೇಜರ್ ಬಾಹ್ಯಾಕಾಶ ನೌಕೆಗಳ ವಿಷಯ ನಿನಗೆ ಗೊತ್ತು. 1977ರ ಆಗಸ್ಟ್ 20ರಂದು ವಾಯೇಜರ್ 2, ಸೆಪ್ಟೆಂಬರ್ 5ರಂದು ವಾಯೇಜರ್ 1 ಹೊರಟವು. ಗುರು, ಶನಿ ಗ್ರಹಗಳನ್ನು ನೋಡಿದರೆ ಸಾಕು, ಐದು ವರ್ಷ ಬಾಳಿದರೆ ಸಾಕು ಎಂಬುದು ಮೊದಲಿನ ಲೆಕ್ಕ. 2012ರ ಆಗಸ್ಟ್ 25ರಂದು ಮೊದಲನೆಯದು, 2018ರ ನವೆಂಬರ್ 5ರಂದು ಎರಡನೆಯದು ಸೂರ್ಯನ ಗಾಳಿ ಬೀಸುವ ಗಡಿಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಕಾಲಿಟ್ಟವು. ಪತ್ರಿಕೆಗಳು ಸೌರಮಂಡಲವನ್ನೇ ಬಿಟ್ಟುಹೋದವು ಎಂದು ಬರೆದವು. ಅದು ಪೂರ್ತಿ ಸರಿಯಲ್ಲ. ಸೂರ್ಯನ ಸೆಳೆತಕ್ಕೆ ಸಿಕ್ಕ ಧೂಮಕೇತುಗಳ ಊರ್ಟ್ ಮೋಡ ಇನ್ನೂ ಮುಂದಿದೆ. ಅದರ ಒಳ ಅಂಚು ಮುಟ್ಟಲೇ ವಾಯೇಜರ್ 1ಕ್ಕೆ ಸುಮಾರು 300 ವರ್ಷ ಬೇಕು.

ಗಡಿ ದಾಟಿದ್ದು ಹೇಗೆ ತಿಳಿಯಿತು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಸುತ್ತಲಿನ ಪ್ಲಾಸ್ಮಾವನ್ನು, ಅಂದರೆ ವಿದ್ಯುತ್ ತುಂಬಿದ ಕಣಗಳ ಅನಿಲವನ್ನು, ನೇರವಾಗಿ ಅಳೆಯುವ ಉಪಕರಣ ವಾಯೇಜರ್ 1ರಲ್ಲಿ 1980ರಲ್ಲೇ ಕೆಟ್ಟಿತ್ತು. 2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಿ ಸಿಡಿದ ಅಲೆ ಒಂದು ವರ್ಷದ ಮೇಲೆ, 2013ರ ಏಪ್ರಿಲ್‌ನಲ್ಲಿ ನೌಕೆಯನ್ನು ತಲುಪಿ ಅಲ್ಲಿನ ಎಲೆಕ್ಟ್ರಾನ್‌ಗಳು ಕಂಪಿಸುವಂತೆ ಮಾಡಿತು. ಆ ಕಂಪನವನ್ನು ಇನ್ನೊಂದು ಉಪಕರಣದ ಆಂಟೆನಾ ಹಿಡಿದುಕೊಂಡಿತು. ಅದರ ಶ್ರುತಿಯಿಂದ ಅಲ್ಲಿನ ಪ್ಲಾಸ್ಮಾದ ಸಾಂದ್ರತೆಯನ್ನು ಲೆಕ್ಕಹಾಕಿದರು. ಒಳಗಿದ್ದಾಗ ಇದ್ದುದಕ್ಕಿಂತ ನಲವತ್ತು ಪಟ್ಟು ಹೆಚ್ಚು! ಗಡಿಯಾಚೆ ಪ್ಲಾಸ್ಮಾ ದಟ್ಟವಾಗಿರುತ್ತದೆ, ಹಾಗಾಗಿ ಹೊರಗೆ ಬಂದಾಗಿದೆ ಎಂದು ಖಾತ್ರಿಯಾಯಿತು.

ಆದರೆ ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ವಾಯೇಜರ್ 2ರ ಕಿವಿಯ ಕತೆ. ಹೊರಟ ಮರುವರ್ಷವೇ, 1978ರ ಏಪ್ರಿಲ್‌ನಲ್ಲಿ, ಅದರ ಮುಖ್ಯ ರಿಸೀವರ್ ಸತ್ತಿತು. ಬದಲಿಯಾಗಿ ಇದ್ದುದರಲ್ಲಿ ಒಂದು ಕೆಪಾಸಿಟರ್ ಹಾಳಾಗಿತ್ತು. ನನ್ನ ಮೇಜಿನ ಮೇಲಿದ್ದರೆ ಬೆಸುಗೆ ಕಡ್ಡಿ ಬಿಸಿಯಾಗಿ, ಸೀಸ ಕರಗಿ, ಹತ್ತು ನಿಮಿಷದ ಕೆಲಸ. ಅಲ್ಲಿ ಕೈಯೇ ಮುಟ್ಟುವಂತಿಲ್ಲ. ಸರಿಯಿರುವ ರಿಸೀವರ್ ಭೂಮಿಯಿಂದ ಬರುವ ರೇಡಿಯೋ ಧ್ವನಿಯ ಶ್ರುತಿ ಆಚೀಚೆ ಸರಿದರೆ ತಾನೇ ಹಿಂಬಾಲಿಸುತ್ತದೆ. ಇದಕ್ಕೆ ಆ ಶಕ್ತಿ ಹೋಗಿತ್ತು. ಒಂದು ಸಣ್ಣ ಕಿಂಡಿಯಲ್ಲಿ ಬಿದ್ದದ್ದು ಮಾತ್ರ ಕೇಳುತ್ತಿತ್ತು, ನೌಕೆಯೊಳಗೆ ಕಾವು ತುಸು ಏರಿಳಿದರೂ ಆ ಕಿಂಡಿಯೇ ಸರಿದುಬಿಡುತ್ತಿತ್ತು. ಆಗ ಎಂಜಿನಿಯರುಗಳು ಏನು ಮಾಡಿದರು? ಭೂಮಿ ತಿರುಗುವ ಲೆಕ್ಕ, ನೌಕೆ ಓಡುವ ಲೆಕ್ಕ, ಅದರ ಮೈಬಿಸಿಯ ಲೆಕ್ಕ ಎಲ್ಲ ಹಾಕಿ, ಅದಕ್ಕೆ ಕೇಳುವ ಶ್ರುತಿಗೆ ತಮ್ಮ ಧ್ವನಿಯನ್ನೇ ಹೊಂದಿಸಿಕೊಂಡರು. ಆ ಕಿವಿಯಿಂದಲೇ ಅದು 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ನೋಡಿತು. ಬೇರೆ ಯಾವ ನೌಕೆಯೂ ಇಂದಿನವರೆಗೆ ಅಲ್ಲಿಗೆ ಹೋಗಿಲ್ಲ.

ನಿನ್ನ ಹಳೆಯ ಪ್ರೋಗ್ರಾಮಿನ ಜೊತೆಯೂ, ಅದನ್ನು ಬಲ್ಲ ಹಿರಿಯರ ಜೊತೆಯೂ ಹೀಗೆ ಮಾತನಾಡಿ ನೋಡು. ಅವರು ನಿನ್ನ ಭಾಷೆಗೆ ಬರಲಿ ಎಂದು ಕಾಯಬೇಡ.

2023ರ ನವೆಂಬರ್‌ನಲ್ಲಿ ವಾಯೇಜರ್ 1 ಅರ್ಥವಿಲ್ಲದ್ದನ್ನು ಕಳಿಸತೊಡಗಿತು. ದತ್ತಾಂಶ ಜೋಡಿಸುವ ಕಂಪ್ಯೂಟರಿನ ಮೆಮೊರಿಯಲ್ಲಿ ನೂರಕ್ಕೆ ಮೂರು ಭಾಗ ಕೆಟ್ಟಿತ್ತು. ಅಲ್ಲಿದ್ದ ಪ್ರೋಗ್ರಾಮನ್ನು ಒಟ್ಟಿಗೆ ಇಡುವ ಜಾಗ ಬೇರೆಲ್ಲೂ ಇರಲಿಲ್ಲ. ಅದನ್ನು ಮಾಡಿದವರಲ್ಲಿ ಅನೇಕರು ತೀರಿಕೊಂಡಿದ್ದರು. ಈಗಿನ ಎಂಜಿನಿಯರುಗಳು ದಶಕಗಳ ಹಿಂದಿನ ಕಾಗದಗಳನ್ನು ಹುಡುಕಿ ಓದಿದರು. ಪ್ರೋಗ್ರಾಮನ್ನು ತುಂಡು ತುಂಡು ಮಾಡಿ ಸಿಕ್ಕ ಸಂದಿಗಳಲ್ಲಿ ಇರಿಸಿದರು. ಹೇಳಿದ ಮಾತು ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಅಷ್ಟೇ. 2024ರ ಏಪ್ರಿಲ್ 20ರಂದು ಅದು ಮತ್ತೆ ಸರಿಯಾಗಿ ಮಾತನಾಡಿತು. ಓದಿದ ದಿನ ನನಗೆ ಕಣ್ಣು ತುಂಬಿ ಬಂತು.

ಆ ಕಾಗದಗಳನ್ನು ಬರೆದಿಟ್ಟವರನ್ನು ನೆನೆಸಿಕೋ. ನಾನು ಒಮ್ಮೆ ಒಬ್ಬ ಮೇಷ್ಟ್ರ ವಾಲ್ವ್ ರೇಡಿಯೋವನ್ನು, ಸರಿಯಾದ ಬಿಡಿಭಾಗ ಸಿಗದೆ, ವೈರ್ ಬೇರೆ ದಾರಿಯಲ್ಲಿ ಎಳೆದು ನಡೆಯುವಂತೆ ಮಾಡಿದೆ. ಎಲ್ಲೂ ಬರೆದಿಡಲಿಲ್ಲ. ಮೂರು ವರ್ಷದ ನಂತರ ಅದು ಮರಳಿ ಬಂದಾಗ ನನ್ನ ಕೆಲಸ ನನಗೇ ತಿಳಿಯದೆ ಎರಡು ದಿನ ಕುಳಿತೆ. ಅಂದಿನಿಂದ ಪ್ರತಿ ಪೆಟ್ಟಿಗೆಯ ಒಳಮೈಗೆ ಒಂದು ಚೀಟಿ ಅಂಟಿಸಿದೆ: ದಿನಾಂಕ, ಏನು ತೆಗೆದೆ, ಏನು ಹಾಕಿದೆ, ಯಾಕೆ. ನೀನು ಕೆಲಸ ಬಿಡಬೇಕೆಂದರೆ ಬಿಡು, ತಡೆಯುವುದಿಲ್ಲ. ಒಂದು ವರ್ಷವಾದರೂ ಅದರ ಒಳಹೊಕ್ಕು ನೋಡು, ಹೊರಡುವಾಗ ಮುಂದೆ ಬರುವವರಿಗೆ ಓದಲು ಸಿಗುವಂತೆ ಬರೆದಿಟ್ಟು ಹೊರಡು.

ಆ ಎರಡು ನೌಕೆಗಳ ಚಿನ್ನದ ಲೇಪದ ಧ್ವನಿಮುದ್ರಣ ತಟ್ಟೆಯಲ್ಲಿ 55 ಭಾಷೆಗಳ ನಮಸ್ಕಾರಗಳಿವೆ. ಅವುಗಳಲ್ಲಿ ಕನ್ನಡದ್ದೂ ಒಂದು, ಕನ್ನಡಿಗರ ಪರವಾಗಿ ಹೇಳಿದ ಶುಭಾಶಯ. ಕೇಳಿಲ್ಲದಿದ್ದರೆ ಹುಡುಕಿ ಕೇಳು. ಕೆಲವೇ ಸೆಕೆಂಡಿನ ಮಾತು.

ಇದರ ಜೊತೆ ನನ್ನ ಅಂಗಡಿಯ ನೋಟುಪುಸ್ತಕವನ್ನು ಕಳಿಸುತ್ತಿದ್ದೇನೆ. ಹಿಂದಿನ ಅರ್ಧ ಖಾಲಿ ಇದೆ. ದೀಪಾವಳಿಗೆ ಬರುವಾಗ ತಪ್ಪದೆ ತಾ, ನೀನು ಬರೆದದ್ದನ್ನು ಓದಬೇಕು. ದೊಡ್ಡಮ್ಮ ನಿನಗಾಗಿ ಅಪ್ಪೆಮಿಡಿ ಉಪ್ಪಿನಕಾಯಿ ಎತ್ತಿಟ್ಟಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ