ಪಾರಿವಾಳದ ಬಲೆ: ಕೆಲಸ ಸರಿಪಡಿಸಿ, ಹೆಚ್ಚು ಪಡೆದ ಹಣ ವಾಪಸ್ ಕೊಡಿ

ಬೆಂಗಳೂರು
18 ಸೆಪ್ಟೆಂಬರ್ 2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಆಗಸ್ಟ್ 9ರಂದು ನಮ್ಮ ಮನೆಗೆ ಕಟ್ಟಿದ ಬಲೆ, ರದ್ದಾದ ವಾರಂಟಿ ಮತ್ತು ಬಿಲ್ಲಿನ ಬಗ್ಗೆ.

ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ನಿಮ್ಮ ಕಡೆಯ ಇಬ್ಬರು ಹುಡುಗರು ಬಂದು, ಬನಶಂಕರಿಯ ನಮ್ಮ ನಾಲ್ಕನೇ ಮಹಡಿಯ ಫ್ಲಾಟಿನ ಎರಡು ಬಾಲ್ಕನಿಗೂ ಬಟ್ಟೆ-ಪಾತ್ರೆ ತೊಳೆಯುವ ಯುಟಿಲಿಟಿಗೂ ಪಾರಿವಾಳ ಒಳಬರದಂತೆ ಬಲೆ ಕಟ್ಟಿ ಹೋದರು. ಐದು ವರ್ಷ ವಾರಂಟಿ ಎಂದು ಬಿಲ್ಲಿನ ಮೇಲೇ ಅಚ್ಚಾಗಿದೆ. ಐದನೇ ದಿನಕ್ಕೆ ಅದು ರದ್ದಾಯಿತೆಂದು ನಿಮ್ಮ ಕಚೇರಿಯಿಂದ ಫೋನು ಬಂತು. ಬಲೆಯನ್ನು ನಾವೇ ಕತ್ತರಿಸಿದ್ದೇವಂತೆ. ಹೌದು, ಕತ್ತರಿಸಿದ್ದೇವೆ. ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಏಸಿಯ ಹೊರಗಿನ ಯೂನಿಟ್ಟಿಗೂ ಗೋಡೆಗೂ ನಡುವೆ ಗೇಣಗಲದ ಸಂದಿಯಿದೆ. ಅಲ್ಲಿ ಪಾರಿವಾಳ ಗೂಡು ಮಾಡಿತ್ತು. ಗೂಡೇನು, ನಾಲ್ಕು ಕಡ್ಡಿ, ಒಂದು ತುಂಡು ತಂತಿ, ಮಿಕ್ಕಿದ್ದೆಲ್ಲ ಹಿಕ್ಕೆ. ಅದರೊಳಗೆ ಎರಡು ಮರಿ, ಮೈಮೇಲೆ ಇನ್ನೂ ಹಳದಿ ತುಪ್ಪಳ. ನಮಗದು ಗೊತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಹಾಲು ಕಾಯಿಸಲು ಎದ್ದ ನನ್ನ ಹೆಂಡತಿ ನೋಡಿದಾಗ ತಾಯಿ ಹಕ್ಕಿ ಬಲೆಯ ಹೊರಗಿನಿಂದ ರೆಕ್ಕೆ ಬಡಿಯುತ್ತಿತ್ತು, ಅದರ ಒಂದು ಕಾಲು ನೂಲಿಗೆ ಸುತ್ತಿಕೊಂಡಿತ್ತು. ಒಳಗಿನಿಂದ ಮರಿಗಳ ಕೀರಲು ದನಿ. ನಿಮ್ಮ ಸಹಾಯವಾಣಿಗೆ ಫೋನು ಮಾಡಿದರೆ "ಭಾನುವಾರ ಟೆಕ್ನಿಷಿಯನ್ ಇರೋದಿಲ್ಲ, ಬುಧವಾರ ಕಳಿಸ್ತೀವಿ" ಎಂಬ ಉತ್ತರ. ಬುಧವಾರದವರೆಗೆ ಆ ಮರಿಗಳು ಉಪವಾಸ ಇರಬೇಕಿತ್ತೇ? ನನ್ನಾಕೆ ಅಡುಗೆಮನೆಯ ಕತ್ತರಿ ತಂದು ಮೊದಲು ಹಕ್ಕಿಯ ಕಾಲು ಬಿಡಿಸಿದಳು, ಆಮೇಲೆ ಬಲೆಯಲ್ಲಿ ಮೊರದಗಲ ಕಿಂಡಿ ಮಾಡಿದಳು. ಅರ್ಧ ಗಂಟೆಯೊಳಗೆ ತಾಯಿ ಗೂಡು ಸೇರಿತು. ಬುಧವಾರ ಬಂದ ನಿಮ್ಮವರು ಕಿಂಡಿಯ ಫೋಟೋ ತೆಗೆದುಕೊಂಡರು. ಗೂಡಿನದು ತೆಗೆಯಲಿಲ್ಲ.

ಬಲೆ ಕಟ್ಟಿದ ಹುಡುಗನನ್ನೇ ಫೋನಿನಲ್ಲಿ ಕೇಳಿದೆ. "ನೋಡಿದ್ವಿ ಸಾರ್, ತಾನಾಗೇ ಹೋಗುತ್ತೆ ಅಂದ್ಕೊಂಡ್ವಿ" ಎಂದ. ಹಾರಲು ಬಾರದ ಮರಿ ತಾನಾಗಿ ಹೋಗುವುದೆಲ್ಲಿಗೆ? ಅವನ ಮೇಲೆ ನನಗೆ ಸಿಟ್ಟಿಲ್ಲ. ಸೊಂಟಕ್ಕೆ ಬೆಲ್ಟಿಲ್ಲದೆ ನಾಲ್ಕನೇ ಮಹಡಿಯ ಪ್ಯಾರಪೆಟ್ಟಿನ ಮೇಲೆ ನಿಂತು ಡ್ರಿಲ್ ಮಾಡುತ್ತಿದ್ದವನು ಅವನು. ನಾವೇ ಕೂಗಿ ಕೆಳಗಿಳಿಸಿದೆವು. ಇಂಥ ಕೆಲಸಕ್ಕೆ ಹಗ್ಗ, ಬೆಲ್ಟು ಕೊಡದೆ ಕಳಿಸಿದವರು, ಗೂಡಿದ್ದರೆ ಏನು ಮಾಡಬೇಕೆಂದು ಹೇಳಿಕೊಡದವರು ನೀವು.

ಇನ್ನು ಕೆಲಸದ ಗುಣಮಟ್ಟ. ನಾನು ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಇದ್ದವನು, ಇಂಥದ್ದು ಕಣ್ಣಿಗೆ ಬೀಳದೆ ಇರುವುದಿಲ್ಲ. ಬಲೆಯ ಅಂಚಿಗೆ ಹಗ್ಗ ಪೋಣಿಸಿ ಬಿಗಿದಿಲ್ಲ. ಹುಕ್ಕಿನಿಂದ ಹುಕ್ಕಿಗೆ ಕೆಲವು ಕಡೆ ಮೂರಡಿ ಅಂತರವಿದೆ. ಗಾಳಿ ಬೀಸಿದರೆ ಬಲೆ ಜೋಳಿಗೆಯಂತೆ ಉಬ್ಬಿ ಜೋಲುತ್ತದೆ. ಬಿಗಿ ಬಲೆಗೆ ತಾಗಿದ ಹಕ್ಕಿ ಪುಟಿದು ಹಿಂದೆ ಹೋಗುತ್ತದೆ, ಜೋಲು ಬಲೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಯುಟಿಲಿಟಿಯ ಪೈಪುಗಳ ಸುತ್ತ ಕೈ ತೂರುವಷ್ಟು ಜಾಗ ಬಿಟ್ಟಿದ್ದೀರಿ, ಪಾರಿವಾಳಕ್ಕೆ ಅಷ್ಟು ಸಾಕು. ಸ್ಟೇನ್‌ಲೆಸ್ ಎಂದು ಹೇಳಿ ಹಾಕಿದ ಹುಕ್ಕುಗಳು ಒಂದೇ ತಿಂಗಳ ಮಳೆಗೆ ತುಕ್ಕು ಸುರಿಸಿ, ಬಿಳಿ ಗೋಡೆಗೆ ಕುಂಕುಮದ ನೀರು ಇಳಿದ ಹಾಗೆ ಕಾಣುತ್ತಿದೆ.

ಬಲೆ ಕಟ್ಟುವ ಮುಂಚೆ ಬಾಲ್ಕನಿ ಚೊಕ್ಕ ಮಾಡಿಕೊಡುವುದೂ ಒಪ್ಪಂದದಲ್ಲಿತ್ತು. ಒಣಗಿದ ಹಿಕ್ಕೆಯನ್ನು ನೀರು ಚಿಮುಕಿಸದೆ, ಮಾಸ್ಕ್ ಹಾಕದೆ, ಬಾಗಿಲು ತೆರೆದಿಟ್ಟೇ ಗುಡಿಸಿದರು. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು ನಿಮ್ಮದೇ ಜಾಹೀರಾತು ಚೀಟಿಯಲ್ಲಿದೆ. ಮನೆಯಲ್ಲಿ 78 ವರ್ಷದ ಅಸ್ತಮಾ ಇರುವ ನನ್ನ ತಾಯಿ ಇದ್ದಾರೆ. ಆ ರಾತ್ರಿಯೆಲ್ಲ ಅವರಿಗೆ ಏದುಸಿರು.

ಅದರ ಜೊತೆಗೆ 1,900 ರೂಪಾಯಿಯ "ಅಲ್ಟ್ರಾಸಾನಿಕ್" ಯಂತ್ರ. ನಮಗೆ ಕೇಳಿಸದ ಎತ್ತರದ ಸದ್ದಿಗೆ ಪಾರಿವಾಳ ಓಡಿಹೋಗುತ್ತದೆಂದು ನಿಮ್ಮ ಮಾರಾಟದವರು ನಂಬಿಸಿದರು. ಎತ್ತರದ ಸ್ವರ ಕೇಳುವುದರಲ್ಲಿ ಪಾರಿವಾಳದ ಕಿವಿ ನಮ್ಮ ಕಿವಿಗಿಂತಲೂ ಹಿಂದೆ ಎಂದು ಆಮೇಲೆ ತಿಳಿಯಿತು. ತಿಳಿಯುವ ಮುಂಚೆಯೇ ಒಂದು ಪಾರಿವಾಳ ಆ ಯಂತ್ರದ ಮೇಲೇ ಕೂತು ಅದನ್ನು ರುಜುವಾತು ಮಾಡಿತ್ತು. ನಾಯಿಗಳಿಗೆ ಮಾತ್ರ ಆ ಸದ್ದು ಚೆನ್ನಾಗಿ ಕೇಳುತ್ತದೆ. ಪಕ್ಕದ ಮನೆಯ ನಾಯಿ ಎರಡು ದಿನ ಬೊಗಳಿದ ಮೇಲೆ ಯಂತ್ರ ಆರಿಸಿಟ್ಟೆವು.

ಬಿಲ್ಲಿನಲ್ಲಿ 310 ಚದರಡಿ ಎಂದಿದೆ. ಟೇಪು ಹಿಡಿದು ಅಳೆದರೆ 264. ಅಳತೆ ಪುಸ್ತಕ ನೋಡದೆ ಸೇವೆಯಲ್ಲಿದ್ದಾಗ ಒಂದು ಬಿಲ್ಲಿಗೂ ಸಹಿ ಹಾಕಿದವನಲ್ಲ ನಾನು, ಹಬ್ಬದ ಗಡಿಬಿಡಿಯಲ್ಲಿ ನಿಮಗೆ ಹಾಕಿಬಿಟ್ಟೆ.

ಎಲ್ಲ ತಪ್ಪೂ ನಿಮ್ಮದೇ ಅನ್ನುತ್ತಿಲ್ಲ. ಎದುರು ಕಟ್ಟಡದ ತಾರಸಿಯಲ್ಲಿ ಒಬ್ಬರು ದಿನವೂ ಜೋಳ ಚೆಲ್ಲುತ್ತಾರೆ. ಪುಣ್ಯ ಅವರಿಗೆ, ಹಿಕ್ಕೆ ನಮಗೆ. ಮುಂಬಯಿಯ ದಾದರಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆ ಮುಚ್ಚಿದ್ದಕ್ಕೆ ಆಗಸ್ಟಿನಲ್ಲಿ ಜನ ಬೀದಿಗಿಳಿದದ್ದನ್ನು ಟೀವಿಯಲ್ಲಿ ನೋಡಿದ ಮೇಲೆ, ಜೋಳ ಚೆಲ್ಲುವವರೊಡನೆ ವಾದಕ್ಕಿಂತ ಬಲೆಯೇ ವಾಸಿ ಎಂದು ನಿಮ್ಮನ್ನು ಕರೆದದ್ದು.

ಈಗ ನನ್ನ ಬೇಡಿಕೆ. ಬಲೆಯನ್ನು ಪೂರ್ತಿ ಬಿಚ್ಚಿ, ಅಂಚಿಗೆ ಹಗ್ಗ ಹಾಕಿ, ತುಕ್ಕು ಹಿಡಿಯದ ಹುಕ್ಕುಗಳನ್ನು ಒತ್ತೊತ್ತಾಗಿ ಕೂರಿಸಿ, ಪೈಪಿನ ಸಂದಿ ಮುಚ್ಚಿ, ಹಣ ಕೇಳದೆ ಮತ್ತೆ ಕಟ್ಟಿಕೊಡಿ. ಹುಡುಗರಿಗೆ ಬೆಲ್ಟು ಕೊಟ್ಟು ಕಳಿಸಿ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಐದು ವರ್ಷದ ವಾರಂಟಿಯನ್ನು ಹೊಸ ದಿನಾಂಕದಿಂದ ಬರೆದುಕೊಡಿ. ಯಂತ್ರ ವಾಪಸ್ ತೆಗೆದುಕೊಂಡು ಅದರ 2,242 ರೂಪಾಯಿ, ಇಲ್ಲದ 46 ಚದರಡಿಗೆ 18 ರೂಪಾಯಿಯಂತೆ ಪಡೆದ 977 ರೂಪಾಯಿ, ಒಟ್ಟು 3,219 ರೂಪಾಯಿ ಹಿಂದಿರುಗಿಸಿ. ಎರಡರಲ್ಲೂ ಶೇ 18ರ ಜಿಎಸ್‌ಟಿ ಸೇರಿದೆ.

ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡುತ್ತೇನೆ, ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ನಿವೃತ್ತನಾದ ನನಗೆ ಸಮಯದ ಕೊರತೆಯೂ ಇಲ್ಲ.

ಆದರೆ ನೀವು ಹದಿನೈದು ದಿನ ಕಾಯದಿರುವುದೇ ಲೇಸು. ಗಣೇಶನ ಹಬ್ಬದ ಹೊತ್ತಿಗೆ ಪುಕ್ಕ ಮೂಡಿದ್ದ ಮರಿಗಳೆರಡೂ ಹೋದ ವಾರ ಹಾರಿಹೋದವು. ಗೂಡು ಖಾಲಿಯಿದೆ. ನಿನ್ನೆಯಿಂದ ಅದೇ ಕಿಂಡಿಯಲ್ಲಿ ಗಂಡು ಕಡ್ಡಿ ತರುತ್ತಿದೆ, ಹೆಣ್ಣು ಕೂತು ಜೋಡಿಸುತ್ತಿದೆ. ಮೊಟ್ಟೆ ಇಟ್ಟಿತೆಂದರೆ ಕಾವಿಗೆ ಹದಿನೆಂಟು ದಿನ, ಮರಿ ಹಾರಲು ಮತ್ತೊಂದು ತಿಂಗಳು. ಅಲ್ಲಿಯವರೆಗೆ ಆ ಕಿಂಡಿ ಮುಚ್ಚಲು ನನ್ನ ಹೆಂಡತಿ ಬಿಡುವುದಿಲ್ಲ. ಈ ಶನಿವಾರವೇ ಜನ ಕಳಿಸಿ.

ಇಂತಿ,
ನಾಲ್ಕನೇ ಮಹಡಿಯ ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಅಳತೆಯ ಚೀಟಿ, ಬಲೆ ಮತ್ತು ಹುಕ್ಕುಗಳ ಫೋಟೋ, ಗೂಡಿನ ಫೋಟೋ